ಶೀಶೆಯಲ್ಲಿ ಕಳಿಸಿದ ಕರಾಚೆ ಮೀನು

ಕಲಾಹಾವಿರ
22 ಏಪ್ರಿಲ್ 2007

ನಿಲ್ದಾ,

ಈ ಕಾಗದದ ಜೊತೆ ಲಾರಿಯ ವೆನ್ಸೆಸ್ಲಾವೊ ನಿನಗೆ ಎರಡು ಶೀಶೆ ಕೊಡುತ್ತಾನೆ. ಒಂದರಲ್ಲಿ ನದಿ ಬಂದು ಸರೋವರಕ್ಕೆ ಸೇರುವ ಕಡೆಯ ನೀರಿದೆ. ಇನ್ನೊಂದರಲ್ಲಿ ಹನ್ನೊಂದು ಕರಾಚೆ ಮೀನು. ಕೊಳೆಯದಿರಲೆಂದು ಸಾರಾಯಿಯಲ್ಲಿ ಮುಳುಗಿಸಿದ್ದೇನೆ. ಸಾರಾಯಿ ಸೆವೆರೊನದು. “ಸತ್ತ ಮೀನಿಗೆ ಕುಡಿಸ್ತೀಯ, ಬದುಕಿರೋ ಗಂಡನಿಗೆ ಇಲ್ಲ,” ಎಂದು ಮುಖ ಊದಿಸಿಕೊಂಡು ಕೂತಿದ್ದ.

ಮೀನನ್ನು ನೀನೇ ನೋಡು. ನಾವು ಚಿಕ್ಕವರಿದ್ದಾಗ ಕರಾಚೆ ಹೇಗಿತ್ತು? ಅಂಗೈಯಷ್ಟು ಉದ್ದ, ಹೊಟ್ಟೆ ಹಣ್ಣಾದ ಜೋಳದ ತೆನೆಯ ಬಣ್ಣ. ಈಗ ಬಲೆಗೆ ಬೀಳುವುದೆಲ್ಲ ಬೆರಳುದ್ದ. ತಲೆ ದೊಡ್ಡದು, ಹೊಟ್ಟೆ ಒಳಕ್ಕೆ ಹೋಗಿದೆ, ರೆಕ್ಕೆಯ ಬುಡದಲ್ಲಿ ಕೆಂಪು ಹುಣ್ಣು. ಜೊಂಡಿನ ನಡುವಿನ ನೀರಿನ ಮೇಲೆ ಹಸಿರು ಎಲೆಗಳ ಚಾಪೆ ಹಾಸಿಕೊಂಡಿದೆ. ಎರ್ಮೆಲಿಂದಾಳ ಹಸು ಹುಲ್ಲುಗಾವಲೆಂದು ಅದರ ಮೇಲೆ ಕಾಲಿಟ್ಟು ಕುತ್ತಿಗೆಯವರೆಗೆ ಮುಳುಗಿತು. ಎಳೆಯಲು ಆರು ಜನ ಬೇಕಾಯಿತು. ನಾವು ನಕ್ಕೆವು, ಆಮೇಲೆ ಯಾಕೋ ನಗು ನಿಂತುಹೋಯಿತು.

ನೀನು ನೀರು ಪರೀಕ್ಷೆ ಮಾಡುವ ಕಡೆಯೇ ಕೆಲಸಕ್ಕಿದ್ದೀಯಲ್ಲ. ನಮ್ಮ ನೀರಿಗೆ ಏನಾಗಿದೆ ಎಂದು ನೋಡಿ ಹೇಳು. ಊರಿನವರಿಗೆಲ್ಲ ನನ್ನ ತಂಗಿ ನೋಡುತ್ತಾಳೆ ಎಂದು ಹೇಳಿಬಿಟ್ಟಿದ್ದೇನೆ.

ಇನ್ನೊಂದು ವಿಷಯ. ಮೊದಲೇ ಬರೆದರೆ ಉಳಿದದ್ದನ್ನು ನೀನು ಓದುವುದಿಲ್ಲವೆಂದು ಕೊನೆಗಿಟ್ಟೆ. ನನಗೆ ನಾಲ್ಕು ತಿಂಗಳು. ಮದುವೆಯಾಗಿ ಹನ್ನೊಂದು ವರ್ಷ, ಈಗ ಮೂವತ್ತೆಂಟು ತುಂಬಿದ ಮೇಲೆ. ಸೂಲಗಿತ್ತಿ ಎಪಿಫಾನಿಯಾ ಅಜ್ಜಿ ಹೊಟ್ಟೆ ಮುಟ್ಟಿ ನೋಡಿ, “ಇಷ್ಟು ದಿನ ಎಲ್ಲಿ ಅಡ್ಡಾಡ್ತಿತ್ತೋ ಇದು,” ಎಂದು ನನಗಿಂತ ಮೊದಲು ಅತ್ತಳು.

ನಿನ್ನ ಅಕ್ಕ
ಬಸಿಲಿಯಾ


ಎಲ್ ಆಲ್ಟೊ
27 ಮೇ 2007

ಅಕ್ಕ,

ಸುದ್ದಿ ಓದಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಪಕ್ಕದ ಮೇಜಿನವಳು ಯಾರಾದರೂ ತೀರಿಕೊಂಡರಾ ಎಂದು ಕೇಳಿದಳು. ಇಲ್ಲ, ನಮ್ಮಕ್ಕನಿಗೆ ಮಗು ಎಂದೆ.

ಶೀಶೆಗಳು ಒಡೆಯದೆ ಬಂದವು. ಪರೀಕ್ಷೆಗೆ ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ನೀನು ಸರೋವರದ ನೀರು ಕುಡಿಯಬೇಡ. ಗುಡ್ಡದ ಮೇಲಿನ ಊಟೆಯಿಂದ ತರಿಸಿಕೋ. ಅಡುಗೆಗೂ ಅದೇ ಇರಲಿ. ಮೀನು ಕಡಿಮೆ ತಿನ್ನು. ಬಸುರಿಯರು ಮೀನು ಹೆಚ್ಚು ತಿನ್ನಬಾರದೆಂದು ಇಲ್ಲಿಯ ಡಾಕ್ಟರುಗಳು ಹೇಳುತ್ತಾರೆ. ಮೊಟ್ಟೆ ತಿನ್ನು, ಹಾಲು ಕುಡಿ.

ಬೇರೇನೂ ಇಲ್ಲ. ಭಾವನಿಗೆ ಕೇಳಿದೆನೆಂದು ಹೇಳು.

ನಿಲ್ದಾ


ಕಲಾಹಾವಿರ
17 ಜೂನ್ 2007

ನಿಲ್ದಾ,

ನಿನ್ನ ಡಾಕ್ಟರುಗಳ ಮಾತನ್ನು ಎಪಿಫಾನಿಯಾ ಅಜ್ಜಿಗೆ ಓದಿ ಹೇಳಿದೆ. “ಆ ಡಾಕ್ಟರು ಎಷ್ಟು ಹೆತ್ತಿದ್ದಾನಂತೆ?” ಎಂದಳು. ಅಮ್ಮ ನೀನು ಹೊಟ್ಟೆಯಲ್ಲಿದ್ದಾಗ ದಿನಾ ಬೆಳಿಗ್ಗೆ ಕರಾಚೆ ಸಾರು ಕುಡಿಯುತ್ತಿದ್ದಳು. ಮುಳ್ಳು ತೆಗೆದುಕೊಡುತ್ತಿದ್ದವಳು ನಾನೇ. ಅದಕ್ಕೇ ನಿನಗೆ ಅಷ್ಟು ಬುದ್ಧಿ ಬಂದು ಪಟ್ಟಣಕ್ಕೆ ಓದಲು ಹೋದೆ ಎಂದು ಊರೆಲ್ಲ ಹೇಳುತ್ತದೆ. ಈಗ ನೀನು ನನಗೆ ಸಾರು ಬೇಡ ಅನ್ನುತ್ತೀಯ. ನಾನು ದಿನಕ್ಕೆ ಎರಡು ಬಟ್ಟಲು ಕುಡಿಯುತ್ತಿದ್ದೇನೆ. ಮಗು ಒದೆಯುವುದು ನೋಡಿದರೆ ಅದಕ್ಕೂ ಸೇರುತ್ತದೆ.

ಊಟೆಗೆ ಹೋಗಿಬರಲು ಎರಡು ಗಂಟೆ ಬೇಕು. ಒಂದೆರಡು ದಿನ ಸೆವೆರೊ ತಂದ. ಈಗ ಆಲೂಗೆಡ್ಡೆಯನ್ನು ಒಣಗಿಸಿಡಲು ಹಿಮಕ್ಕೆ ಹರಡಿ ತುಳಿಯುವ ಕಾಲ, ಅವನಿಗೆಲ್ಲಿ ಪುರುಸೊತ್ತು? ಕುದಿಸಿ ಕುಡಿಯುತ್ತೇನೆ, ಸಾಕಲ್ಲ?

ಶೀಶೆ ಏನು ಹೇಳಿತು? ಗುರುವಾರದ ಸಂತೆಯಲ್ಲಿ ಎಲ್ಲರೂ ಕೇಳುತ್ತಾರೆ. “ನಿನ್ನ ತಂಗಿ ಮೀನು ತಿಂದು ಸಾರಾಯಿ ಕುಡಿದು ಮಲಗಿರ್ಬೇಕು,” ಎಂದು ತಾತ ಟಿಬುರ್ಸಿಯೊ ತಮಾಷೆ ಮಾಡಿದ. ಈ ವರ್ಷ ಊರಿನ ಯಜಮಾನಿಕೆ ಅವನದೇ. ಬೇಗ ಬರೆ.

ಬಸಿಲಿಯಾ


ಎಲ್ ಆಲ್ಟೊ
8 ಜುಲೈ 2007

ಅಕ್ಕ,

ವರದಿ ಇನ್ನೂ ಹೊರಬಂದಿಲ್ಲ. ಹೊರಬರುವ ಮೊದಲು ಹೇಳುವಂತಿಲ್ಲ. ಹಾಗೊಂದು ನಿಯಮವಿದೆ.

ಕುದಿಸಿದರೆ ಸಾಲದು ಅಕ್ಕ. ದಯವಿಟ್ಟು ಊಟೆಯ ನೀರೇ ಕುಡಿ.

ಒಂದು ಕೆಲಸ ಮಾಡು. ನನ್ನ ಬಳಿಗೆ ಬಂದುಬಿಡು. ಹೆರಿಗೆ ಇಲ್ಲೇ ಆಗಲಿ. ನನ್ನ ಕೋಣೆ ಚಿಕ್ಕದು, ಆದರೆ ಬಿಸಿಲು ಬರುತ್ತದೆ. ಭಾವನೂ ಬರಲಿ. ಈ ವಾರದ ಲಾರಿಗೇ ಬಾ. ಯಾಕೆ, ಏನು ಎಂದು ಕೇಳಬೇಡ. ತಂಗಿಗೆ ಜೊತೆ ಬೇಕಂತೆ ಎಂದು ಊರಿನಲ್ಲಿ ಹೇಳು.

ಡಿಸೆಂಬರ್‌ನಲ್ಲಿ ನನ್ನನ್ನು ಕೆಲಸದಲ್ಲಿ ಕಾಯಂ ಮಾಡುತ್ತಾರಂತೆ. ಆಮೇಲೆ ದೊಡ್ಡ ಕೋಣೆ ಹಿಡಿಯಬಹುದು.

ನಿಲ್ದಾ


ಕಲಾಹಾವಿರ
12 ಆಗಸ್ಟ್ 2007

ನಿಲ್ದಾ,

ನೀನು ಕಳಿಸಿದ ಹಾಲಿನ ಪುಡಿ ಬಂತು. ಬರುವುದಕ್ಕೆ ನನಗಾಗುವುದಿಲ್ಲ. ಬಲೆ ಹೆಣೆಯುವವರು ಯಾರು? ಇನ್ನೊಂದು ತಿಂಗಳಿಗೆ ಆಲೂಗೆಡ್ಡೆ ಬಿತ್ತಬೇಕು. ಮತ್ತೆ, ನಮ್ಮ ಮನೆಯ ಮಗು ಮೊದಲ ಗಾಳಿಯನ್ನು ಈ ಸರೋವರದ ದಂಡೆಯಲ್ಲೇ ಕುಡಿಯಲಿ. ನಿನಗೆ ಈ ಊರು ಬೇಡವಾಗಿರಬಹುದು, ನನಗೆ ಆಗಿಲ್ಲ. ಚುಚ್ಚಿ ಬರೆದೆನೆಂದು ಬೇಸರ ಮಾಡಿಕೊಳ್ಳಬೇಡ. ನೀನು ಏನನ್ನೋ ಬಾಯಿಯೊಳಗೆ ಇಟ್ಟುಕೊಂಡು ಮಾತಾಡುವವಳ ಹಾಗೆ ಬರೆಯುತ್ತೀಯ, ಅದಕ್ಕೆ ಕೋಪ ಬಂತು.

ಮಗು ಮೊದಲಿನಷ್ಟು ಒದೆಯುತ್ತಿಲ್ಲ. ಜಾಗ ಇಕ್ಕಟ್ಟಾಗಿರುತ್ತದೆ, ಹೆಣ್ಣಾದರೆ ಹೀಗೇ ಸೋಮಾರಿ ಎಂದು ಎಪಿಫಾನಿಯಾ ಅಜ್ಜಿ ಹೇಳುತ್ತಾಳೆ. ಹೆಣ್ಣಾಗಲಿ ಎಂದೇ ನನಗೂ ಆಸೆ.

ಬಸಿಲಿಯಾ


ಕಲಾಹಾವಿರ
4 ಸೆಪ್ಟೆಂಬರ್ 2007

ನಿಲ್ದಾ,

ನನಗೆ ಬರೆದು ಅಭ್ಯಾಸವಿಲ್ಲ. ನಿನ್ನ ಅಕ್ಕ ಬರೆಯುತ್ತಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಮಗು ಭಾನುವಾರ ಬೆಳಿಗ್ಗೆ ಹುಟ್ಟಿತು. ಹೆಣ್ಣು. ಉಸಿರಿರಲಿಲ್ಲ. ತಲೆ ತುಂಬ ಕೂದಲಿತ್ತು. ಪಾದ್ರಿ ವರ್ಷಕ್ಕೊಮ್ಮೆ ಬರುವವರು, ಈಗ ಬರುವುದಿಲ್ಲ. ನಾನೇ ನಮ್ಮ ಹೊಲದ ಮೇಲಿನ ಅಂಚಿನಲ್ಲಿ, ಕಲ್ಲುಗೋಡೆಯ ಪಕ್ಕ ಇಟ್ಟು ಬಂದೆ. ಬಸಿಲಿಯಾ ಆರೋಗ್ಯವಾಗಿದ್ದಾಳೆ. ಮಾತಾಡುವುದಿಲ್ಲ. ನೀನು ಬರುವ ಅಗತ್ಯವಿಲ್ಲ, ಎಲ್ಲ ಮುಗಿದಿದೆ.

ಸೆವೆರೊ


ಎಲ್ ಆಲ್ಟೊ
9 ಸೆಪ್ಟೆಂಬರ್ 2007

ಅಕ್ಕ,

ಏನು ಬರೆಯಲಿ. ನಾಲ್ಕು ಸಲ ಬರೆದು ಹರಿದೆ. ನಿನಗೊಂದು ಉಣ್ಣೆಯ ಶಾಲು ಕಳಿಸುತ್ತಿದ್ದೇನೆ. ಹೊದ್ದುಕೋ, ಬಾಣಂತಿಗೆ ಗಾಳಿ ಆಗಬಾರದು.

ನಿಲ್ದಾ


ಕಲಾಹಾವಿರ
20 ಜನವರಿ 2008

ನಿಲ್ದಾ,

ನಾಲ್ಕು ತಿಂಗಳು ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಈಗ ಬೇಕಾಗಿದೆ, ಬರೆಯುತ್ತಿದ್ದೇನೆ.

ಡಿಸೆಂಬರ್‌ನಲ್ಲಿ ಮೊದಲ ಮಳೆ ಬಿದ್ದು ನದಿ ಕಪ್ಪಗೆ ಇಳಿದು ಬಂತು. ಆಮೇಲೆ ಐದು ದಿನ ಗಾಳಿಯೇ ಇಲ್ಲ, ನೀರು ಗಂಜಿಯ ಹಾಗೆ ನಿಂತಿತು. ಆರನೆಯ ದಿನ ಬೆಳಿಗ್ಗೆ ದಂಡೆ ಹಳದಿಯಾಗಿತ್ತು. ಎಲ್ಲ ಕರಾಚೆ. ಹೊಟ್ಟೆ ಮೇಲಾಗಿ ಒಂದರ ಮೇಲೊಂದು, ಊರಿನ ಈ ತುದಿಯಿಂದ ಆ ತುದಿಯವರೆಗೆ. ಬದುಕಿದ್ದವು ನೀರಿನ ಮೇಲಕ್ಕೆ ಬಾಯಿ ತೆಗೆದು ಗಾಳಿ ಕುಡಿಯಲು ನೋಡುತ್ತಿದ್ದವು. ದೊಡ್ಡ ಕಪ್ಪೆಗಳು ಸತ್ತವು, ನೀರುಕೋಳಿಗಳು ಸತ್ತವು. ಹಂದಿಗಳೂ ಮೂಸಿ ಹಿಂದೆ ಸರಿದವು. ಗುದ್ದಲಿಯಲ್ಲಿ ಎಳೆದು ಗುಂಡಿಗೆ ಹಾಕಿದೆವು. ಎರ್ಮೆಲಿಂದಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಳೆಯುತ್ತಲೇ ಅಳುತ್ತಿದ್ದಳು.

ಈ ತಿಂಗಳ ಒಂಬತ್ತಕ್ಕೆ ಆಲಿಕಲ್ಲು ಬಿತ್ತು. ಹೂವಿಗೆ ಬಂದಿದ್ದ ಆಲೂಗೆಡ್ಡೆಯೆಲ್ಲ ನೆಲಕ್ಕೆ ಬಡಿದು ಹೋಯಿತು.

ಹೆಸರಿಡದೆ, ಉಪ್ಪು ತಾಗಿಸದೆ ಹೂತ ಕೂಸು ಆಲಿಕಲ್ಲು ಕರೆಯುತ್ತದೆ ಎಂದು ನಮ್ಮಲ್ಲಿ ಹೇಳುವುದು ನಿನಗೆ ಗೊತ್ತು. ಮರುದಿನ ಬೆಳಿಗ್ಗೆ ಎಂಟು ಜನ ಬಾಗಿಲಿಗೆ ಬಂದರು. ತಾತ ಟಿಬುರ್ಸಿಯೊ ಟೋಪಿ ಕೈಯಲ್ಲಿ ಹಿಡಿದಿದ್ದ. “ಬಸಿಲಿಯಾ, ಕೂಸನ್ನ ಎಲ್ಲಿಟ್ರಿ?” ಎಂದ. ಸೆವೆರೊ ಜಾಗ ಹೇಳಿದ. ತಾತ, “ಅದು ಸೆಪ್ಟೆಂಬರಲ್ಲಿ ಹೋಯ್ತು. ಆಮೇಲೆ ಮೀನು ಹೋಯ್ತು, ಆಮೇಲೆ ಬೆಳೆ ಹೋಯ್ತು. ನಾನ್ ಹೇಳ್ತಿಲ್ಲವ್ವ, ಊರು ಹೇಳ್ತಿದೆ,” ಎಂದ. ಹಿಂದೆ ನಿಂತಿದ್ದ ಎರ್ಮೆಲಿಂದಾ ಮಾತ್ರ ನೇರವಾಗಿ ಹೇಳಿದಳು: “ಅಗೆದು ಆ ಬೋಳುಗುಡ್ಡದ ಹಿಂದಕ್ಕೆ ಹಾಕ್ಬೇಕು. ಸರೋವರ ಕಾಣ್ದಿರೋ ಜಾಗಕ್ಕೆ.”

ನಾನು ಅವಳೊಡನೆ ಇಪ್ಪತ್ತು ವರ್ಷ ಒಂದೇ ಬಲೆ ಎಳೆದಿದ್ದೇನೆ.

ಫೆಬ್ರವರಿ ಹತ್ತಕ್ಕೆ ಊರಿನ ಸಭೆ. ಅಗೆಯುವುದೋ ಬಿಡುವುದೋ ಅಲ್ಲಿ ತೀರ್ಮಾನ. ನಿಲ್ದಾ, ಮಗು ಹೋಗುವ ಮೊದಲೇ ನಾನು ಶೀಶೆ ಕಳಿಸಿದ್ದೆ. ಆಗಲೇ ನೀರು ಕೆಟ್ಟಿತ್ತು ಎಂದು ನಿಮ್ಮ ಕಾಗದದಲ್ಲಿ ಎಲ್ಲಾದರೂ ಬರೆದಿದ್ದರೆ ಆ ಕಾಗದ ನನಗೆ ಬೇಕು. ನಿಯಮವಿದ್ದರೂ ಬೇಕು. ಒಂದು ಸಾಲಾದರೂ ಸಾಕು.

ಬಸಿಲಿಯಾ


ಎಲ್ ಆಲ್ಟೊ
27 ಜನವರಿ 2008

ಅಕ್ಕ,

ಕಾಗದ ಇದೆ. ಅದನ್ನು ತೆಗೆದುಕೊಂಡು ಹತ್ತನೆಯ ತಾರೀಖು ನಾನೇ ಬರುತ್ತೇನೆ. ಸಭೆಯಲ್ಲಿ ಬೇರೆಯವರ ಜೊತೆ ಕೂತು ನೀನು ಇದನ್ನು ಕೇಳುವುದು ಬೇಡ, ಅದಕ್ಕೆ ಈಗಲೇ ಬರೆಯುತ್ತೇನೆ.

ನಿನ್ನ ಮೀನನ್ನು ಮೇ ಹದಿನಾರರಂದು ನಾನೇ ಕೊಯ್ದೆ. ಹನ್ನೊಂದನ್ನೂ. ಪಿತ್ತಜನಕಾಂಗದಲ್ಲಿ ಸೀಸವಿತ್ತು, ಪಾದರಸವಿತ್ತು. ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಮ್ಮೆ ಮಾಡಿದೆ. ಕೆಟ್ಟಿರಲಿಲ್ಲ. ನೀರಿನಲ್ಲಿ ಚರಂಡಿಯ ಹೊಲಸಿತ್ತು, ಚರ್ಮ ಹದಮಾಡುವ ಮದ್ದಿತ್ತು, ಮೇಲಿನ ಗಣಿಗಳಿಂದ ಇಳಿದದ್ದೂ ಇತ್ತು. ಈ ಊರು ಚೆಲ್ಲುವುದೆಲ್ಲ ಆ ನದಿಯಲ್ಲಿ ನಿಮ್ಮ ಬಾಗಿಲಿಗೆ ಬರುತ್ತದೆ. ನಾನು ಕೈತೊಳೆದ ನೀರೂ ಬರುತ್ತದೆ.

ನಮ್ಮ ಇಂಜಿನಿಯರ್ ಹತ್ತಿರ ಹೋದೆ. ಕೆಟ್ಟ ಮನುಷ್ಯನಲ್ಲ. ಬಾಗಿಲು ಹಾಕಿಕೊಂಡು ಹೇಳಿದರು: “ವರದಿ ಮೇಲಕ್ಕೆ ಹೋಗ್ಲಿ ನಿಲ್ದಾ. ಈಗ ಬಾಯಿ ಬಿಟ್ರೆ ಜನ ರಸ್ತೆಗಿಳೀತಾರೆ. ಆಮೇಲೆ ವರದಿನೂ ಇರಲ್ಲ, ನೀನೂ ಇರಲ್ಲ.”

“ಆ ಮೀನು ಕಳ್ಸಿದ್ದು ನಮ್ಮಕ್ಕ ಸಾರ್. ಬಸುರಿ,” ಎಂದೆ.

ಅವರು ಮೇಜಿನ ಮೇಲಿದ್ದ ಹಾಳೆಯನ್ನು ಮಗುಚಿಟ್ಟರು. “ಹಾಗಾದ್ರೆ ಮೀನು ಕಡಿಮೆ ತಿನ್ನು ಅಂತ ಬರಿ. ಯಾಕೆ ಅಂತ ಬರೀಬೇಡ.”

ಹಾಗೆಯೇ ಬರೆದೆ. ಅಷ್ಟು ಬರೆದದ್ದಕ್ಕೆ ನನ್ನ ಕೆಲಸ ಮುಗಿಯಿತೆಂದು ಆ ದಿನ ನಿದ್ದೆಯೂ ಬಂತು. ಜೂನ್‌ನಲ್ಲಿ ನೀನು ದಿನಕ್ಕೆ ಎರಡು ಬಟ್ಟಲು ಎಂದು ಬರೆದೆ. ಆ ಕಾಗದ ಓದಿದಾಗಲಾದರೂ ನಾನು ಲಾರಿ ಹತ್ತಿ ಬಂದು ನಿನ್ನ ಕೈಯಿಂದ ಬಟ್ಟಲು ಕಿತ್ತುಕೊಳ್ಳಬೇಕಿತ್ತು. ಬರಲಿಲ್ಲ. ಇಲ್ಲಿಗೆ ಬಾ ಎಂದು ಬರೆದೆ. ನೀನು ಬಂದುಬಿಟ್ಟರೆ ನಾನು ಏನೂ ಹೇಳಬೇಕಾಗಿರಲಿಲ್ಲ. ಡಿಸೆಂಬರ್‌ನಲ್ಲಿ ಕಾಯಂ ಮಾಡಿದರು. ಸಹಿ ಹಾಕಿದೆ.

ಮಗು ಅದರಿಂದಲೇ ಹೋಯಿತೆಂದು ಯಾವ ಪ್ರಯೋಗಾಲಯವೂ ಹೇಳಲಾರದು. ಅದರಿಂದಲ್ಲ ಎಂದೂ ಹೇಳಲಾರದು. ಮೀನು ಸತ್ತದ್ದು ಮಾತ್ರ ಮಗುವಿನಿಂದ ಅಲ್ಲ. ನೀರಿನಲ್ಲಿ ಉಸಿರು ತೀರಿಹೋಗಿತ್ತು. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ನಿಲ್ದಾ


ಎಲ್ ಆಲ್ಟೊ
17 ಫೆಬ್ರವರಿ 2008

ಅಕ್ಕ,

ನೀನು ಸಭೆಗೆ ಬರಲಿಲ್ಲ. ಹೊಲದ ಅಂಚಿನಲ್ಲಿ ಕಲ್ಲುಗೋಡೆಗೆ ಒರಗಿ, ಗುದ್ದಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನಾನು ದಾರಿಯಲ್ಲಿ ನಿಂತು ಅಕ್ಕ ಎಂದು ಎರಡು ಸಲ ಕರೆದೆ. ನೀನು ತಿರುಗಲಿಲ್ಲ. ಹತ್ತಿರ ಬರಲು ನನಗೂ ಕಾಲು ಬರಲಿಲ್ಲ. ನನ್ನ ಕಾಗದ ನಿನಗೆ ತಲುಪಿದೆ ಎಂಬುದು ಆಗ ತಿಳಿಯಿತು. ಸಭೆಯಲ್ಲಿ ನಡೆದದ್ದನ್ನು ಭಾವ ಹೇಳಿರಬಹುದು. ಆದರೂ ನಾನು ಹೇಳಬೇಕಾದ್ದನ್ನು ನಾನೇ ಹೇಳುತ್ತೇನೆ.

ಶಾಲೆಯ ಅಂಗಳದಲ್ಲಿ ಎಲ್ಲರೂ ಕೂತಿದ್ದರು. ಜಗಿಯುವ ಕೋಕಾ ಎಲೆ ಕಟ್ಟಿದ ಬಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು, ನನ್ನ ಬಳಿ ಬಂದಾಗ ದಾಟಿ ಹೋಯಿತು. ನಾನು ಕಾಗದ ತೆಗೆದು ಓದತೊಡಗಿದೆ. ತಾತ ಟಿಬುರ್ಸಿಯೊ ಕೈಯೆತ್ತಿದ. “ಆ ಪಟ್ಟಣದ ಭಾಷೆ ಬೇಡ. ನಮ್ಮ ಮಾತಲ್ಲಿ ಹೇಳು.”

ಹೇಳಿದೆ. ಸೀಸಕ್ಕೆ ನಮ್ಮ ಮಾತಿನಲ್ಲಿ ಏನೆನ್ನುತ್ತಾರೋ ಮರೆತೇಹೋಗಿತ್ತು. ಭಾವ ಹಿಂದಿನಿಂದ ಹೇಳಿಕೊಟ್ಟ.

“ಯಾವ ತಿಂಗಳು ಅಂದೆ?” ಎಂದು ಎರ್ಮೆಲಿಂದಾ ಕೇಳಿದಳು.

“ಮೇ.”

“ಜೂನಲ್ಲಿ ನನ್ನ ಮಕ್ಳಿಗೆ ನಾನು ಅದೇ ಮೀನು ಉಣಿಸ್ದೆ.”

“ಹೌದಕ್ಕ.”

“ಜುಲೈಲೂ ಉಣಿಸ್ದೆ. ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಅಕ್ಕ ಅನ್ಬೇಡ ನನ್ನ,” ಎಂದಳು.

ಯಾರೂ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ತಾತ ಟಿಬುರ್ಸಿಯೊ ಬೆರಳು ಮಡಚಿ ತಿಂಗಳು ಎಣಿಸಿ, “ಹಾಗಾದ್ರೆ ನೀರು ಕೆಟ್ಟಿದ್ದು ಮೊದಲು, ಕೂಸು ಹೋಗಿದ್ದು ಆಮೇಲೆ,” ಎಂದ.

“ಹೌದು ತಾತ.”

“ಮತ್ತೆ ಆಲಿಕಲ್ಲು?” ಎಂದು ಯಾರೋ ಕೇಳಿದರು. ಆಲಿಕಲ್ಲಿನ ವಿಷಯ ನನಗೆ ಗೊತ್ತಿಲ್ಲ ಎಂದೆ. “ಆಲಿಕಲ್ಲು ನಮ್ಮಪ್ಪನ ಕಾಲದಲ್ಲೂ ಬಿದ್ದಿತ್ತು. ಆಗ ಯಾರ ಕೂಸನ್ನ ಅಗೆದ್ರಿ?” ಎಂದು ಎಪಿಫಾನಿಯಾ ಅಜ್ಜಿ ಗದರಿದಳು. ಕೊನೆಗೆ ತಾತನೇ ಎದ್ದು ನಿಂತ. ಕೂಸಿನ ತಪ್ಪಿಲ್ಲ, ಅಗೆಯುವುದು ಬೇಡ, ಇದ್ದಲ್ಲೇ ಉಪ್ಪು ತಾಗಿಸಿ ಹೆಸರಿಡಲಿ ಎಂದ. ಎಲ್ಲರೂ ಒಪ್ಪಿದರು. ಎರ್ಮೆಲಿಂದಾ ಕೈ ಎತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಹೊರಡುವಾಗ ತಾತ ನನ್ನ ಜೊತೆ ಲಾರಿಯವರೆಗೆ ಬಂದ. “ನಿನ್ನ ಓದ್ಸೋಕೆ ಈ ಊರು ಒಂದು ವರ್ಷ ಮೀನು ಕೊಟ್ಟಿತ್ತು, ಗೊತ್ತಾ?” ಎಂದ. ಗೊತ್ತಿರಲಿಲ್ಲ ಅಕ್ಕ. ನೀನು ಒಮ್ಮೆಯೂ ಹೇಳಿರಲಿಲ್ಲ.

ಸೋಮವಾರ ಕೆಲಸಕ್ಕೆ ಹೋದೆ. ನಾನು ಕಾಗದ ತೆಗೆದುಕೊಂಡು ಹೋದದ್ದು ಅಲ್ಲಿ ಆಗಲೇ ತಿಳಿದಿತ್ತು. ನನ್ನ ಮೇಜಿನ ಮೇಲೆ ಬೇರೆಯವರ ಚೀಲವಿತ್ತು. ಇಂಜಿನಿಯರ್ ತಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ.

ನಿಲ್ದಾ


ಎಲ್ ಆಲ್ಟೊ
30 ಮಾರ್ಚ್ 2008

ಅಕ್ಕ,

ಉತ್ತರ ಬರಲಿಲ್ಲ. ಬರಲೇಬೇಕೆಂದಿಲ್ಲ. ವೆನ್ಸೆಸ್ಲಾವೊ ಪ್ರತಿ ವಾರ ಲಾರಿ ನಿಲ್ಲಿಸಿ ತಲೆ ಅಲ್ಲಾಡಿಸಿ ಹೋಗುತ್ತಾನೆ. ನಾನೀಗ ಒಂದು ಔಷಧಿ ಅಂಗಡಿಯಲ್ಲಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವ ಹಕ್ಕು ನನಗೆ ಉಳಿದಿಲ್ಲ. ಆದರೂ ಕೇಳುತ್ತಿದ್ದೇನೆ.

ನಿಲ್ದಾ


ಕಲಾಹಾವಿರ
25 ಮೇ 2008

ನಿಲ್ದಾ,

ಇದ್ದೇನೆ.

ನೀನು ಬಂದು ಹೋದ ಮೇಲೆ ಅಧಿಕಾರಿಗಳು ಬಂದರು. ದಂಡೆಯಲ್ಲಿ ನೀರು ಕೆಟ್ಟಿದೆಯೆಂದು ಬರೆದ ಒಂದು ಹಲಗೆ ನೆಟ್ಟು, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದರು. ನದಿ ಮೊದಲಿನ ಹಾಗೇ ಬರುತ್ತಿದೆ. ಸಂತೆಯಲ್ಲಿ ಈಗ ಮೊದಲು ಕೇಳುವುದು, “ಯಾವೂರ ಮೀನು?” ಎಂದು. ಕಲಾಹಾವಿರ ಎಂದರೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಬೇರೆ ಊರಿನ ಹೆಸರು ಹೇಳಿ ಮಾರುವವರಿದ್ದಾರೆ. ಎರ್ಮೆಲಿಂದಾ ಹಾಗೆ ಮಾಡಲಿಲ್ಲ. ಬುಟ್ಟಿಯನ್ನು ತಲೆಕೆಳಗು ಮಾಡಿಟ್ಟು ಕುರಿ ಮೇಯಿಸಲು ಹೋಗುತ್ತಿದ್ದಾಳೆ. ಊರು ಹಾಳು ಮಾಡಿದವಳು ನೀನೇ ಎಂದು ಕೆಲವರು ಹೇಳುತ್ತಾರೆ. ಹೇಳಿದ್ದಕ್ಕೆ ಕೆಲವರಿಗೆ ಕೋಪ, ತಡವಾಗಿ ಹೇಳಿದ್ದಕ್ಕೆ ಕೆಲವರಿಗೆ. ನನ್ನ ಕೋಪ ಯಾವುದೆಂದು ನಿನಗೆ ಗೊತ್ತು.

ಸೆವೆರೊ ದೊಡ್ಡ ಸರೋವರದ ದಂಡೆಯಲ್ಲಿರುವ ತನ್ನ ಚಿಕ್ಕಪ್ಪನ ಊರಿಗೆ ಹೋಗಿ ಜಾಗ ನೋಡಿ ಬಂದಿದ್ದಾನೆ. ಅಲ್ಲಿ ನೀರು ಇನ್ನೂ ಆಳದವರೆಗೆ ಕಾಣುತ್ತದಂತೆ. ಕರಾಚೆ ಅಂಗೈಯಷ್ಟಿದೆಯಂತೆ. ಹೋಗೋಣ ಅನ್ನುತ್ತಾನೆ. ನಾನು ಒಂದು ವರ್ಷ ಬೇಡ ಎಂದಿದ್ದೇನೆ. ಅವಳನ್ನು ಇಲ್ಲಿ ಬಿಟ್ಟು ಹೋಗಲು ನನಗೆ ಇನ್ನೂ ಆಗುತ್ತಿಲ್ಲ.

ನೀನು ಮೇ ತಿಂಗಳಲ್ಲೇ ನಿಜ ಬರೆದಿದ್ದರೆ ಅವಳು ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ ಎಂದು ಬರೆದಿದ್ದೀಯ. ಆದರೆ ಬರೆದಿದ್ದರೆ ಆ ಸಾರನ್ನು ನಾನು ಕುಡಿಯುತ್ತಿರಲಿಲ್ಲ. ಬಿಸಿಬಿಸಿಯಾಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇದು ನಿನಗೆ ಎಂದು ಹೇಳಿ ಕುಡಿಯುತ್ತಿದ್ದೆ ನಿಲ್ದಾ. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು. ಅದನ್ನು ನಾನು ಯಾರಿಗೂ ಹೇಳಿಲ್ಲ, ಸೆವೆರೊಗೂ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ. ನೀನೂ ಹೊರು.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತಿಲ್ಲ. ಆ ಮಾತು ನನ್ನಲ್ಲಿಲ್ಲ. ಬರುತ್ತದೋ ಇಲ್ಲವೋ ಹೇಳಲಾರೆ.

ಸಭೆಯಾದ ವಾರವೇ ಹೆಸರಿಟ್ಟೆವು. ತಾತ ಟಿಬುರ್ಸಿಯೊ, ಎಪಿಫಾನಿಯಾ ಅಜ್ಜಿ, ನಾವಿಬ್ಬರು. ಅಜ್ಜಿ ಮಣ್ಣಿನ ಮೇಲೆ ಉಪ್ಪು ಹಾಕಿ, ನೆಲಕ್ಕೆ ಬಾಯಿ ಹತ್ತಿರ ತಂದು ಹೆಸರು ಹೇಳಿದಳು. ಅಂದಿನಿಂದ ನಾನು ಹೊಲಕ್ಕೆ ಹೋದಾಗ ಅದೇ ಹೆಸರು ಹಿಡಿದು ಮಾತಾಡಿಸುತ್ತೇನೆ.

ನವೆಂಬರ್‌ನಲ್ಲಿ ಸತ್ತವರ ಹಬ್ಬಕ್ಕೆ ಅವಳ ಮೊದಲ ಎಡೆ. ಹಿಟ್ಟಿನಲ್ಲಿ ಗೊಂಬೆ ಮಾಡಿ ಸುಡಬೇಕು. ಬಂದವರು ಎಡೆಯ ಮುಂದೆ ನಿಂತು, ಸತ್ತವರ ಹೆಸರು ಹೇಳಿ ಪ್ರಾರ್ಥಿಸಿ ರೊಟ್ಟಿ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಮನೆಗೆ ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಬಹುಶಃ ಯಾರೂ ಬರುವುದಿಲ್ಲ.

ಅವಳ ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ಬೇಕಾದರೆ ಬಂದು ಕೇಳು.

ಬಸಿಲಿಯಾ